ಹೊಸ ಬಗೆಯ ರೇಜರ್‌ಗೆ ಕೈ ಹೊಂದಿಸಿಕೊಳ್ಳುವುದು ಹೇಗೆ?

ಹೊಸ ರೇಜರ್ ತಮಗೆ ಹೊಂದುವುದಿಲ್ಲವೆಂಬ ತೀರ್ಮಾನಕ್ಕೆ ಬಹಳ ಮಂದಿ ಬರುವುದು ರೇಜರ್, ಬ್ಲೇಡ್, ಸಾಬೂನು ಈ ಮೂರನ್ನೂ ಒಂದೇ ದಿನ ಬದಲಾಯಿಸಿದ ಮೇಲೆ. ಮುಖ ಉರಿದರೆ ಅದಕ್ಕೆ ಕಾರಣ ಯಾವುದೆಂದು ಆಗ ತಿಳಿಯುವ ದಾರಿಯೇ ಇರುವುದಿಲ್ಲ. ಆದುದರಿಂದ ಬ್ರಷ್ಷು, ನೊರೆಗಳೊಂದಿಗೆ ಬಳಸುವ ಸಾಂಪ್ರದಾಯಿಕ ರೇಜರ್‌ಗಳಲ್ಲಿ ಹೊಸ ಬಗೆಯೊಂದನ್ನು ಪ್ರಯತ್ನಿಸುವವರು ಈಗಾಗಲೇ ಚರ್ಮಕ್ಕೆ ಒಗ್ಗಿರುವ ಬ್ಲೇಡು ಮತ್ತು ಸಾಬೂನನ್ನೇ ಉಳಿಸಿಕೊಂಡು, ರೇಜರ್ ಒಂದನ್ನು ಮಾತ್ರ ಬದಲಿಸಬೇಕು. ಎರಡು ಮೂರು ವಾರ ಬಳಸಿದ ನಂತರವೇ ಅದರ ಗುಣದೋಷವನ್ನು ನಿರ್ಣಯಿಸಬೇಕು.

ರೇಜರ್‌ನ ಸ್ವಭಾವವಿರುವುದು ಹಿಡಿಯಲ್ಲಲ್ಲ, ತಲೆಯಲ್ಲಿ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ರೇಜರ್‌ನ ತತ್ತ್ವವೇ ಇಂದಿನ ಎರಡಂಚಿನ ರೇಜರ್‌ಗಳಲ್ಲಿಯೂ ಇದೆ: ಸುಮಾರು 0.1 ಮಿ.ಮೀ. ದಪ್ಪದ ಬ್ಲೇಡನ್ನು ಮೇಲಿನ ಮುಚ್ಚಳಕ್ಕೂ ಕೆಳಗಿನ ತಟ್ಟೆಗೂ ನಡುವೆ ಬಾಗಿಸಿ ಬಿಗಿದು, ಅದರ ಅಂಚನ್ನು ಸ್ವಲ್ಪವೇ ಹೊರಗೆ ಬಿಡಲಾಗುತ್ತದೆ. ಈ ಅಂಚಿಗೂ ಕೆಳಗಿನ ರಕ್ಷಕ ಪಟ್ಟಿಗೂ ಇರುವ ಅಂತರ, ಅಂಚು ಎಷ್ಟು ಹೊರಚಾಚಿದೆ ಎಂಬುದು, ಬ್ಲೇಡು ಎಷ್ಟು ಗಟ್ಟಿಯಾಗಿ ಹಿಡಿಯಲ್ಪಟ್ಟಿದೆ ಎಂಬುದು, ಇವು ಮೂರೂ ಸೇರಿ ರೇಜರ್ ಸೌಮ್ಯವೋ ತೀಕ್ಷ್ಣವೋ ಎಂಬುದನ್ನು ನಿರ್ಧರಿಸುತ್ತವೆ. ಬ್ಲೇಡುಗಳಿರುವ ತಲೆಯನ್ನೇ ಇಡಿಯಾಗಿ ಬದಲಿಸುವ ಕಾರ್ಟ್ರಿಜ್ ರೇಜರ್ ಬಿಟ್ಟು ಬರುವವರು ಜರ್ಮನಿಯ ಮರ್ಕುರ್ 34ಸಿಯಂತಹ, ಹಲ್ಲುಗಳಿಲ್ಲದ ಮುಚ್ಚಿದ ಪಟ್ಟಿಯ ಸೌಮ್ಯ ರೇಜರ್‌ನಿಂದ ಆರಂಭಿಸುವುದು ಒಳ್ಳೆಯದು. ಮ್ಯೂಲೆ ಆರ್41ರಂತಹ ತೀಕ್ಷ್ಣ ರೇಜರನ್ನು ಮೊದಲಿಗೇ ಕೈಗೆತ್ತಿಕೊಳ್ಳುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ರಕ್ಷಕ ಪಟ್ಟಿಯ ಬದಲು ಬಾಚಣಿಗೆಯ ಹಲ್ಲುಗಳಿರುವ ಬಗೆಯು ನೊರೆಯನ್ನು ಚರ್ಮದ ಮೇಲೆಯೇ ಉಳಿಸುವುದರಿಂದ, ಮೂರು ನಾಲ್ಕು ದಿನಗಳಿಗೊಮ್ಮೆ ಕ್ಷೌರ ಮಾಡುವವರ ಉದ್ದದ ಗಡ್ಡಕ್ಕೆ ಅನುಕೂಲ.

ಹೊಸ ರೇಜರ್ ಬಂದೊಡನೆ ಅದನ್ನು ಬಿಚ್ಚಿ, ಸಾಬೂನು ನೀರಿನಲ್ಲಿ ತೊಳೆದು, ಬ್ಲೇಡನ್ನು ಅದರ ಚಿಕ್ಕ ಬದಿಗಳಲ್ಲಿ ಮಾತ್ರ ಹಿಡಿದು ಕೂರಿಸಿ. ಬಿಗಿದ ಮೇಲೆ ಬೆಳಕಿಗೆ ಎದುರಾಗಿ ಹಿಡಿದು, ಅಂಚು ಎರಡೂ ಕಡೆ ಸಮಾನವಾಗಿ ಹೊರಚಾಚಿದೆಯೇ ಎಂದು ನೋಡಿ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಸಡಿಲಿಸಿ ಮತ್ತೆ ಬಿಗಿಯಬೇಕು. ಸರಿಯಾಗಿ ಕೂರದ ಬ್ಲೇಡಿನಿಂದಾದ ಗಾಯಗಳ ಹೊಣೆಯನ್ನು ಎಷ್ಟೋ ಸಲ ರೇಜರ್‌ನ ವಿನ್ಯಾಸದ ಮೇಲೆ ಹೊರಿಸಲಾಗುತ್ತದೆ.

ನೊರೆಯ ವಿಷಯದಲ್ಲಿ ನಮ್ಮ ಕಾಸರಗೋಡಿನವರು ಭಾಗ್ಯವಂತರು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ತೆರೆದ ಬಾವಿ ಮತ್ತು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ನೀರಿನಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಕಡಿಮೆಯಾಗಿರುವುದರಿಂದ ಸ್ವಲ್ಪವೇ ಸಾಬೂನಿಗೂ ದಟ್ಟವಾದ ನೊರೆ ಏಳುತ್ತದೆ. ಆಳದ ಕೊಳವೆಬಾವಿಯ ಗಡಸು ನೀರಾದರೆ ಸಾಬೂನನ್ನು ಹೆಚ್ಚು ತೆಗೆದುಕೊಳ್ಳಬೇಕು. ಬಿಸಿನೀರಿನ ಸ್ನಾನದ ನಂತರವೇ ಕ್ಷೌರಕ್ಕೆ ತೊಡಗಿದರೆ ಕೂದಲು ನೀರು ಹೀರಿ ಮೆದುವಾಗಿರುತ್ತದೆ. ತೆಂಗಿನೆಣ್ಣೆ ಹಚ್ಚುವ ರೂಢಿಯಿರುವವರು ಎರಡು ಮೂರು ಹನಿಗೆ ನಿಲ್ಲಿಸಬೇಕು, ಎಣ್ಣೆ ಹೆಚ್ಚಾದರೆ ನೊರೆ ಕುಸಿಯುತ್ತದೆ.

ಇನ್ನು ಕೋನ. ಪ್ರತಿಯೊಂದು ಹೊಸ ರೇಜರ್‌ನೊಂದಿಗೂ ಹೊಸದಾಗಿ ಕಲಿಯಬೇಕಾದದ್ದು ಇದೊಂದೇ, ಮತ್ತು ಇದಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ರೇಜರ್‌ನ ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ಕೆನ್ನೆಗೆ ಲಂಬವಾಗಿ ಚಾಚಿ ಹಿಡಿಯಿರಿ. ಈ ಸ್ಥಿತಿಯಲ್ಲಿ ಅಂಚು ಚರ್ಮವನ್ನು ಮುಟ್ಟುವುದಿಲ್ಲ. ಕಿರಿದಾಗಿ ಎಳೆಯುತ್ತಾ ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತಾ ಬಂದರೆ, ಒಂದು ಹಂತದಲ್ಲಿ ಕೂದಲು ಕತ್ತರಿಸುವ ಸದ್ದು ಕೇಳತೊಡಗುತ್ತದೆ. ಆ ರೇಜರ್‌ನ ಕೋನ ಅದೇ. ಬ್ಲೇಡಿಗೂ ಚರ್ಮಕ್ಕೂ ನಡುವೆ ಅದು ಸುಮಾರು 30 ಡಿಗ್ರಿಯಷ್ಟಿರುತ್ತದೆ. ಕಾರ್ಟ್ರಿಜ್‌ನಲ್ಲಿ ತಲೆಯೇ ತಿರುಗಿ ಕೋನವನ್ನು ಕಾಯ್ದುಕೊಳ್ಳುವುದರಿಂದ ಒತ್ತುವ ಅಭ್ಯಾಸ ಬೆಳೆದಿರುತ್ತದೆ. ಇಲ್ಲಿ ಒತ್ತಬಾರದು, ರೇಜರ್‌ನ ಭಾರವೇ ಸಾಕು. ಗಲ್ಲದ ತಿರುವಿನಲ್ಲಿ, ಗಂಟಲ ಉಬ್ಬಿನ ಬಳಿಯಲ್ಲಿ ಎಳೆತ ಇನ್ನಷ್ಟು ಕಿರಿದಾಗಿರಲಿ, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿದಿರಿ.

ಕೂದಲು ಬೆಳೆಯುವ ದಿಕ್ಕನ್ನು ಬೆರಳಿನಿಂದ ಸವರಿ ಮೊದಲೇ ಗುರುತಿಸಿಕೊಳ್ಳಬೇಕು; ಕುತ್ತಿಗೆಯಲ್ಲಿ ಅದು ಹಲವರಿಗೆ ಅಡ್ಡಡ್ಡವಾಗಿಯೋ ಸುಳಿಯಾಗಿಯೋ ಇರುತ್ತದೆ. ಮೊದಲ ಸುತ್ತನ್ನು ಕೂದಲಿನ ದಿಕ್ಕಿಗೆ ಅನುಗುಣವಾಗಿ ಮುಗಿಸಿ, ಮತ್ತೆ ನೊರೆ ಹಚ್ಚಿ, ಎರಡನೆಯ ಸುತ್ತನ್ನು ಅಡ್ಡವಾಗಿ ಮಾಡಿ. ಹೊಸ ರೇಜರ್‌ನ ಮೊದಲ ವಾರದಲ್ಲಿ ಎದುರು ದಿಕ್ಕಿನ ಸುತ್ತು ಬೇಡವೇ ಬೇಡ. ಒಳಮುಖವಾಗಿ ಬೆಳೆಯುವ ಕೂದಲಿನಿಂದ ಗುಳ್ಳೆಗಳೇಳುವವರು ಆಮೇಲೂ ಅದನ್ನು ಬಿಡುವುದು ಕ್ಷೇಮ.

ಇಷ್ಟು ಕೈಗೆ ಹತ್ತಿದ ಮೇಲೆ ಉಳಿದ ಬಗೆಗಳತ್ತ ಹೋಗಬಹುದು. ಮರ್ಕುರ್ ಪ್ರೋಗ್ರೆಸ್‌ನಂತಹ ಹೊಂದಿಸುವ ರೇಜರ್‌ನಲ್ಲಿ ಬುಡದ ಗುಂಡಿಯನ್ನು 1ರಿಂದ 5ರವರೆಗೆ ತಿರುಗಿಸಿ ಅಂತರವನ್ನು ಹಿಗ್ಗಿಸಬಹುದು. 1ರಲ್ಲಿ ಆರಂಭಿಸಿ, ಕೆಲವು ದಿನಗಳಿಗೊಮ್ಮೆ ಅರ್ಧ ಅಂಕಿಯಷ್ಟೇ ಏರಿಸಿ. ಓರೆ ತಲೆಯ ರೇಜರ್ ಬ್ಲೇಡನ್ನು ತಿರುಚಿ ಹಿಡಿಯುತ್ತದೆ. ಬಾಳೆ ಕಡಿಯುವವರು ಕತ್ತಿಯನ್ನು ಓರೆಯಾಗಿ ಬೀಸುವಂತೆ ಇಲ್ಲಿಯೂ ಅಂಚು ಕೂದಲನ್ನು ಓರೆಯಾಗಿ ಕೊಯ್ಯುತ್ತದೆ. ಒರಟು ಗಡ್ಡಕ್ಕೆ ಇದಕ್ಕಿಂತ ಸಲೀಸಾದ ರೇಜರನ್ನು ನಾನು ಕಂಡಿಲ್ಲ. ಆದರೆ ತಲೆ ಓರೆಯಾಗಿದೆಯೆಂದು ಕೈಯನ್ನು ಓರೆ ಮಾಡದೆ ನೇರವಾಗಿಯೇ ಎಳೆಯಬೇಕು. ಕ್ಷೌರದಂಗಡಿಗಳಲ್ಲಿ ಕಾಣುವ, ಅರ್ಧ ಬ್ಲೇಡು ಸಿಕ್ಕಿಸುವ ಮಡಚು ಕತ್ತಿಗೆ ರಕ್ಷಕ ಪಟ್ಟಿಯೇ ಇಲ್ಲ. ಅದನ್ನು ಕೆನ್ನೆಯ ಸಮತಟ್ಟಿನಲ್ಲಿ ಮಾತ್ರ ಅಭ್ಯಾಸ ಮಾಡಿ, ಉಳಿದ ಭಾಗವನ್ನು ಹಳೆಯ ರೇಜರ್‌ನಿಂದ ಮುಗಿಸಿ. ಚರ್ಮದ ಪಟ್ಟಿಯಲ್ಲಿ ಮಸೆದು ಬಳಸುವ ನಿಜವಾದ ಕ್ಷೌರಕತ್ತಿಯದು ಬೇರೆಯೇ ವಿದ್ಯೆ, ಅದಕ್ಕೆ ಬೇರೆಯೇ ಲೇಖನ ಬೇಕು.

ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಮ್ಮ ಕರಾವಳಿಯಲ್ಲಿ ರೇಜರ್ ಕೊಳ್ಳುವಂತಿಲ್ಲ. ಅಗ್ಗದ ರೇಜರ್‌ಗಳ ತಲೆ ಬಹುಪಾಲು ಸತುವಿನ ಮಿಶ್ರಲೋಹದ ಎರಕ, ಮೇಲೆ ಕ್ರೋಮ್ ಲೇಪ. ಲೇಪ ಒಮ್ಮೆ ಎದ್ದರೆ ಆಟಿ ತಿಂಗಳ ತೇವಕ್ಕೆ ಒಳಗಿನ ಲೋಹ ಕೊರೆದುಹೋಗುತ್ತದೆ. ಹಿತ್ತಾಳೆಯದ್ದು ಅದಕ್ಕಿಂತ ಬಾಳಿಕೆ ಬರುತ್ತದೆ. 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು ಬೆಲೆ ಹೆಚ್ಚಾದರೂ ಕಡಲ ಗಾಳಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಯಾವುದೇ ಆಗಲಿ, ಬಳಸಿದ ನಂತರ ತೊಳೆದು, ನೀರು ಕೊಡವಿ, ಬಚ್ಚಲುಕೋಣೆಯ ಹೊರಗೆ ಗಾಳಿಯಾಡುವಲ್ಲಿ ಇಡಿ. ಬ್ಲೇಡನ್ನು ಬಟ್ಟೆಯಿಂದ ಒರೆಸಬಾರದು, ಅಂಚು ಕೆಡುತ್ತದೆ. ಹಳೆಯ ರೇಜರನ್ನು ಯಾರಿಂದಲಾದರೂ ಕೊಂಡಿದ್ದರೆ ಪಾತ್ರೆ ತೊಳೆಯುವ ದ್ರವ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ತೆಗೆಯಿರಿ. ಬ್ಲೇಡನ್ನಂತೂ ಮನೆಯೊಳಗೂ ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬಾರದು, ಹೆಪಟೈಟಿಸ್-ಬಿಯಂತಹ ಸೋಂಕು ರಕ್ತದ ಕಣದಿಂದಲೂ ಹರಡುತ್ತದೆ.

ಬ್ಲೇಡು ಕೂದಲನ್ನು ಜಗ್ಗಲು ತೊಡಗಿದ ದಿನವೇ ಬದಲಿಸಿ. ಹಳೆಯ ಬ್ಲೇಡುಗಳನ್ನು ಮುಚ್ಚಳದಲ್ಲಿ ಸೀಳು ಕೊರೆದ ತಗಡಿನ ಡಬ್ಬಿಯೊಂದರಲ್ಲಿ ಹಾಕುತ್ತಾ ಬಂದು, ತುಂಬಿದ ಮೇಲೆ ಸೀಳನ್ನು ಭದ್ರವಾಗಿ ಮುಚ್ಚಿ, ಒಳಗೆ ಬ್ಲೇಡುಗಳಿವೆಯೆಂದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದು, ಕಸ ಸಂಗ್ರಹಿಸಲು ಮನೆಗೆ ಬರುವ, ಕೇರಳದ ಹರಿತ ಕರ್ಮ ಸೇನೆಯವರಿಗೆ ಬಾಯಿಮಾತಿನಲ್ಲಿಯೂ ತಿಳಿಸಿ ಒಪ್ಪಿಸಿ.