ಯುದ್ಧದ ಮಾತು ಆಮೇಲೆ, ಮೊದಲು ನಿದ್ದೆ

ಸೇನೆಯಲ್ಲಿ ಇರುವವರಿಗೆ, ನಿವೃತ್ತರಾಗಿ ಬಂದವರಿಗೆ, ಅವರ ಮನೆಯವರಿಗೆ ಕೌನ್ಸೆಲಿಂಗ್ ಮಾಡುವುದು ನನ್ನ ಕೆಲಸ. ಬರುವವರಲ್ಲಿ ಎಷ್ಟೋ ಜನ ಕೂರುವ ಮೊದಲೇ, "ನನಗೇನೂ ಆಗಿಲ್ಲ, ಹೆಂಡತಿ ಹೇಳಿದಳು ಅಂತ ಬಂದೆ" ಎನ್ನುತ್ತಾರೆ. ನಾನು ವಾದಕ್ಕೆ ಇಳಿಯುವುದಿಲ್ಲ. ಯುದ್ಧದ ಸುದ್ದಿಯನ್ನೂ ಎತ್ತುವುದಿಲ್ಲ. ನಿದ್ದೆ ಹೇಗಿದೆ ಅಂತ ಕೇಳುತ್ತೇನೆ. ನಿದ್ದೆ ಬರಲ್ಲ ಅಂತ ಹೇಳಿಕೊಳ್ಳಲು ಯಾರಿಗೂ ನಾಚಿಕೆ ಆಗುವುದಿಲ್ಲ, ಅಲ್ವಾ?

ಅಲ್ಲಿಂದ ಒಂದೊಂದೇ ಹೊರಗೆ ಬರುತ್ತದೆ. ಮಲಗುವ ಮುಂಚೆ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ನೋಡುವುದು. ಗೋಡೆಗೆ ಬೆನ್ನು ಕೊಟ್ಟೇ ಕೂರುವುದು. ನಿದ್ದೆ ಬರಲಿ ಅಂತ ಕುಡಿಯುವುದು. ಕುಡಿದರೆ ಕಣ್ಣು ಬೇಗ ಮುಚ್ಚುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧ ಕೆಡುತ್ತದೆ.

ಕೆಟ್ಟ ಕನಸಿಗೆ ನಾನು ಜಾಸ್ತಿ ಬಳಸುವುದು ಕನಸನ್ನು ಬದಲಿಸಿ ಬರೆಯುವ ವಿಧಾನ. ಒಬ್ಬರಿಗೆ ಕನಸಿನಲ್ಲಿ ಓಡಿ ಓಡಿ ಒಂದು ಬಾಗಿಲು ಸಿಗುತ್ತಿತ್ತು, ಅದು ತೆರೆಯುತ್ತಿರಲಿಲ್ಲ. ಬಾಗಿಲು ತೆರೆದುಕೊಂಡು, ಆಚೆ ಬಯಲು ಕಾಣುವ ಹಾಗೆ ಅವರೇ ಬರೆದರು. ಅದನ್ನು ಹಗಲಲ್ಲಿ, ಎಚ್ಚರವಿದ್ದಾಗ, ದಿನಾ ಸ್ವಲ್ಪ ಹೊತ್ತು ಕಣ್ಣ ಮುಂದೆ ತಂದುಕೊಳ್ಳಬೇಕು. ಕನಸು ಪೂರ್ತಿ ನಿಲ್ಲಲಿಲ್ಲ. ಬೆವರಿ ಎದ್ದು ಕೂರುವುದು ಕಮ್ಮಿಯಾಯಿತು.

"ನಾನು ಪುಕ್ಕಲು ಆಗಿಬಿಟ್ಟೆ" ಎನ್ನುವವರಿಗೆ ಸ್ವಲ್ಪ ಚರಿತ್ರೆ ಹೇಳುತ್ತೇನೆ. ಮೊದಲ ಮಹಾಯುದ್ಧದ ಸೈನಿಕರ ಈ ಸ್ಥಿತಿಗೆ 1915ರಲ್ಲೇ ವೈದ್ಯರು 'ಶೆಲ್ ಶಾಕ್', ಅಂದರೆ ಶೆಲ್ ಸಿಡಿತದ ಆಘಾತ, ಎಂದು ಬರೆದಿದ್ದರು. ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ತೊಂದರೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಯುದ್ಧದಲ್ಲಿ ಜೀವ ಉಳಿಸಿದ ಎಚ್ಚರವೇ ಮನೆಯಲ್ಲೂ ಆರದೆ ಉರಿಯುತ್ತಿದೆ, ಅಷ್ಟೇ. ನಂಬಿಕೆ ಕುದುರಿದ ಮೇಲೆ, ಅವರು ಒಪ್ಪಿದರೆ ಮಾತ್ರ, ಆ ನೆನಪಿನ ಹತ್ತಿರ ಹೋಗುತ್ತೇವೆ. ಅದಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ. ಆಘಾತದ ಬಗ್ಗೆ ಮನಸ್ಸಿನಲ್ಲಿ ಕೂತ ಯೋಚನೆಗಳನ್ನು ಮತ್ತೆ ಪರೀಕ್ಷಿಸಿ ನೋಡುವ ಸಿಪಿಟಿ ಎಂಬುದು ಸಾಮಾನ್ಯವಾಗಿ 12 ಭೇಟಿಗಳಲ್ಲಿ ಮುಗಿಯುತ್ತದೆ.

"ಅವನು ಹೋದ, ನಾನು ಯಾಕೆ ಉಳಿದೆ?" ಎನ್ನುವ ನೋವು ಮಾತ್ರ ಬೇರೆ ಥರ. ಅದು ಭಯವಲ್ಲ. "ನಿಮ್ಮ ತಪ್ಪೇನಿಲ್ಲ ಬಿಡಿ" ಅಂದರೆ ಅವರು ಮಾತೇ ನಿಲ್ಲಿಸುತ್ತಾರೆ. ಹಾಗಾಗಿ ಹೋದವನ ಬಗ್ಗೆಯೇ ಕೇಳುತ್ತೇನೆ: ಹೇಗಿದ್ದ, ಯಾವುದಕ್ಕೆ ನಗುತ್ತಿದ್ದ.

ಹೆಂಡತಿಯರನ್ನು ಬೇರೆಯಾಗಿಯೂ ಮಾತಾಡಿಸುತ್ತೇನೆ. ವರ್ಷಗಟ್ಟಲೆ ಒಬ್ಬರೇ ಮನೆ ನಡೆಸಿದವರು ಅವರು. ಈಗ ಆತನಿಗೆ ಸಿಟ್ಟು ಬಾರದಿರಲಿ ಅಂತ ನೆಂಟರನ್ನು ಕರೆಯುವುದಿಲ್ಲ, ಮಕ್ಕಳನ್ನು ಗಲಾಟೆ ಮಾಡಬೇಡಿ ಎನ್ನುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಇಡೀ ಮನೆ ಕುಗ್ಗುತ್ತಾ ಹೋಗುತ್ತದೆ. ಒಂದೊಂದನ್ನೇ ವಾಪಸ್ ತರಲು ಹೇಳುತ್ತೇನೆ. ಇನ್ನೊಂದು, ರಾತ್ರಿ ಮುಟ್ಟಿ ಎಬ್ಬಿಸಬೇಡಿ. ದೂರ ನಿಂತು ಹೆಸರು ಹಿಡಿದು ಕರೆಯಿರಿ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ, ಮನೆಯಲ್ಲಿ ಬಂದೂಕು ಇದೆಯೇ ಎನ್ನುವುದು ಮುಂದಿನ ಪ್ರಶ್ನೆ. ಆ ಗಳಿಗೆ ಎಷ್ಟೋ ಸಲ ಬೇಗ ದಾಟಿಹೋಗುತ್ತದೆ, ಆಗ ಕೈಗೆ ಬಂದೂಕು ಸಿಗಬಾರದು. ಅದು ಮನೆಯಿಂದ ಆಚೆ ಹೋಗಬೇಕು, ಇಲ್ಲವೇ ಗುಂಡು ಒಂದು ಕಡೆ, ಬಂದೂಕು ಇನ್ನೊಂದು ಕಡೆ ಬೀಗದೊಳಗೆ ಇರಬೇಕು. ಬೀಗದ ಕೈ ಯಾರ ಹತ್ತಿರ ಎಂಬುದನ್ನು ಅವರೇ ಹೇಳಬೇಕು. ಅದು ತೀರ್ಮಾನವಾಗದೆ ನಾನು ಅವತ್ತಿನ ಭೇಟಿ ಮುಗಿಸುವುದಿಲ್ಲ.