ದಾರ ಹಿಡಿದು ಅಳೆಯಿರಿ ಸ್ಯಾನ್ ಫ್ರಾನ್ಸಿಸ್ಕೋ ದೂರ

ಜನವರಿಯ ಒಂದು ಟಿಕೆಟ್ ಹೀಗಿದೆ ಅಂದುಕೊಳ್ಳಿ. ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಡುವುದು, ಅದೇ ಸೋಮವಾರ ಸಂಜೆ 4.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಸೇರುವುದು. ಎರಡೂವರೆ ಗಂಟೆಗೆ ಅಮೆರಿಕನಾ? ಮಗಳ ಮನೆಗೆ ಮೊದಲ ಸಲ ಹೊರಟ ಅಪ್ಪ–ಅಮ್ಮ ತಬ್ಬಿಬ್ಬಾಗುವುದು ಇಲ್ಲೇ. ಒಂದು ಗ್ಲೋಬ್, ಒಂದೆಳೆ ದಾರ ಇದ್ದರೆ ಲೆಕ್ಕ ನೀವೇ ಬಿಡಿಸಬಹುದು.

ಮೊದಲು ದೂರ. ಗೋಡೆಯ ಮ್ಯಾಪ್ ಬೇಡ. ದುಂಡಗಿನ ಭೂಮಿಯನ್ನು ಎಳೆದು ಚಪ್ಪಟೆ ಮಾಡಿರುವುದರಿಂದ ಅದರ ಮೇಲಿನ ಅಳತೆ ದಾರಿ ತಪ್ಪಿಸುತ್ತದೆ. ಗ್ಲೋಬ್ ಮೇಲೆ ದಾರದ ಒಂದು ತುದಿಯನ್ನು ಬೆಂಗಳೂರಿಗೆ ಒತ್ತಿ ಹಿಡಿಯಿರಿ. ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ತಂದು ಬಿಗಿಯಾಗಿ ಎಳೆಯಿರಿ. ದಾರ ತಾನೇ ಜಾರಿ ಹತ್ತಿರದ ದಾರಿ ಹಿಡಿಯುತ್ತದೆ. ಎಲ್ಲಿ ಹೋಯ್ತು ನೋಡಿ: ಚೀನಾ, ಸೈಬೀರಿಯಾ, ಅಲಾಸ್ಕಾ! ಪೆಸಿಫಿಕ್ ಸಾಗರದ ನಟ್ಟನಡುವೆ ಹೋಗುತ್ತೆ ಅಂದುಕೊಂಡಿದ್ದಿರಿ, ಅಲ್ವಾ?

ಈಗ ದಾರವನ್ನು ಸ್ಕೇಲಿಗೆ ಹಿಡಿಯಿರಿ. ಸಮಭಾಜಕ ರೇಖೆಯ ಮೇಲೆ ಗ್ಲೋಬಿನ ಸುತ್ತಳತೆಯನ್ನೂ ತೆಗೆಯಿರಿ. ಅಷ್ಟು ಸುತ್ತಳತೆ ಅಂದರೆ ನಿಜವಾದ ಭೂಮಿಯ ಮೇಲೆ ಸುಮಾರು 40,000 ಕಿ.ಮೀ. 30 ಸೆಂ.ಮೀ. ಅಡ್ಡಳತೆಯ ಗ್ಲೋಬಾದರೆ ಸುತ್ತಳತೆ 94 ಸೆಂ.ಮೀ., ಅಂದರೆ 1 ಸೆಂ.ಮೀ.ಗೆ 425 ಕಿ.ಮೀ. ದಾರ 33 ಸೆಂ.ಮೀ. ಬರುತ್ತದೆ. ಗುಣಿಸಿದರೆ 14,025. ಗಣಿತದ ಸೂತ್ರ ಹಾಕಿದರೂ ಸಿಗುವುದು 13,990ರ ಆಸುಪಾಸೇ. ದಾರಕ್ಕೆ ಶಭಾಷ್ ಅನ್ನಲೇಬೇಕು.

ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಏರಲು, ಇಳಿಯಲು ವೇಗ ಕಡಿಮೆ, ಅದಕ್ಕೆ ಅರ್ಧ ಗಂಟೆ ಸೇರಿಸಿ. ಒಟ್ಟು 16.

ಇದು ದಾರದ ಲೆಕ್ಕ, ಗಾಳಿಯದು ಬೇರೆ. ಮೇಲೆ, 9–12 ಕಿ.ಮೀ. ಎತ್ತರದಲ್ಲಿ, ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಬೆನ್ನಿಗೆ ಬಿದ್ದರೆ ಬೇಗ, ಎದುರಾದರೆ ತಡ. ಜೊತೆಗೆ ಕೆಲವು ದೇಶಗಳ ಆಕಾಶ ಬಿಟ್ಟು ಸುತ್ತಿ ಹೋಗಬೇಕಾಗುತ್ತದೆ. ಹಾಗಾಗಿ ಹೋಗುವಾಗಿನ ಗಂಟೆ ಬರುವಾಗ ಇರುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಹೆಂಗಸರೇ. ಹಿಡಿದದ್ದು ಸುಮಾರು 17 ಗಂಟೆ.

ಇನ್ನು ಗಡಿಯಾರ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್ ಶುರುವಿನವರೆಗೆ ಹನ್ನೆರಡೂವರೆ. ನಮ್ಮ ಟಿಕೆಟ್ಟಿಗೆ ಬನ್ನಿ: ಮಧ್ಯಾಹ್ನ 2ಕ್ಕೆ 16 ಗಂಟೆ ಕೂಡಿಸಿದರೆ ಇಲ್ಲಿ ಮಂಗಳವಾರ ಬೆಳಿಗ್ಗೆ 6. ಅದರಲ್ಲಿ ಹದಿಮೂರೂವರೆ ಕಳೆಯಿರಿ. ಅಲ್ಲಿ ಸೋಮವಾರ ಸಂಜೆ 4.30. ಸರಿಹೋಯ್ತಲ್ಲ!

ಬರುವಾಗ ಕೂಡಿಸಬೇಕು. ಆ ಮೊದಲ ವಿಮಾನ ಅಲ್ಲಿ ಬಿಟ್ಟದ್ದು 9ರ ಶನಿವಾರ ರಾತ್ರಿ, ಇಲ್ಲಿ ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಭಾನುವಾರವೆಲ್ಲ ಆಕಾಶದಲ್ಲೇ. ಕರೆದುಕೊಂಡು ಬರಲು ಹೋಗುವವರು ಇದನ್ನು ಜಾಸ್ತಿ ಗಮನಿಸಬೇಕು. ಟಿಕೆಟ್‌ನಲ್ಲಿ ಸೋಮವಾರ ಬೆಳಗಿನ ಜಾವ 3 ಗಂಟೆ ಅಂತಿದ್ದರೆ ಮನೆ ಬಿಡಬೇಕಾದ್ದು ಭಾನುವಾರ ರಾತ್ರಿ. ನಾನೊಮ್ಮೆ ಇಡೀ ಒಂದು ದಿನ ತಡವಾಗಿ ಹೋಗಿದ್ದೆ. ಅಷ್ಟೊತ್ತಿಗೆ ಭಾವ ಟ್ಯಾಕ್ಸಿ ಹಿಡಿದು ಮನೆ ಸೇರಿ ನಿದ್ದೆಯೂ ಮುಗಿಸಿದ್ದರು.