ಹೈರಿಸ್ಕ್ ಬಸುರಿ, ಐಸಿಯುನಲ್ಲಿ ಕೂಸು: ಆ ಮನೆಯ ಜೊತೆ ನಿಲ್ಲುವುದು ಹೇಗೆ?

ಬಸುರಿಯ ತಾಯಿ ಕಾರ್ಡಿನ ಮೇಲೆ ಹೈರಿಸ್ಕ್ ಅಂತ, ಅಂದರೆ ಅಪಾಯ ಹೆಚ್ಚು ಅಂತ, ಕೆಂಪು ಸ್ಟಿಕ್ಕರ್ ಬಿತ್ತು ಅಂದರೆ ಮನೆಮಂದಿಯ ನಿದ್ದೆ ಹಾರಿಹೋಗುತ್ತದೆ. ಬಿಪಿ, ಶುಗರ್, ತೀರಾ ರಕ್ತ ಕಡಿಮೆ, ಅವಳಿ, ಹಿಂದಿನ ಸಿಸೇರಿಯನ್, ಹೀಗೆ ಕಾರಣ ಯಾವುದೂ ಇರಬಹುದು. ಅಂಥ ಮನೆಗೆ ಧೈರ್ಯದ ಮಾತಿಗಿಂತ ಕೆಲಸಕ್ಕೆ ಬರುವ ಜನ ಬೇಕು. ನಮ್ಮ ಕೊಡಗಿನಲ್ಲಿ ನೆಂಟರು, ನೆರೆಯವರು ಮಾಡಬಹುದಾದ್ದು ಇಲ್ಲಿದೆ.

1. ಮೊದಲು ದಾರಿ ನೋಡಿ

ಕೊಡಗಿನಲ್ಲಿ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಮಂಗಳೂರಿಗೆ ಹೋಗಲು ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಬಂದ್ ಆಗಿತ್ತು. ಹಾಗಾಗಿ ಏಳನೇ ತಿಂಗಳಿಗೆ ಮುಂಚೆಯೇ ಡಾಕ್ಟರನ್ನು ಕೇಳಿ: ಹೆರಿಗೆ ಎಲ್ಲಿ ಆಗಬೇಕು? ಕೂಸು ಬೇಗ ಬಂದರೆ ಅಲ್ಲೇ ನೋಡಿಕೊಳ್ಳುತ್ತಾರಾ? ಹುಟ್ಟಿದ ಮೇಲೆ ಪುಟ್ಟ ಕೂಸನ್ನು ಆಂಬುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ, ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸುವುದು ಕ್ಷೇಮ.

ಮನೆ ತೋಟದ ಒಳಗಿದ್ದರೆ ಇನ್ನೂ ಸ್ವಲ್ಪ ಯೋಚಿಸಬೇಕು. ರಾತ್ರಿ ಗೇಟಿನ ಕೀ ಯಾರ ಹತ್ತಿರ ಇರುತ್ತದೆ? ತೋಟದ ಲೆಕ್ಕ ನೋಡುವ ರೈಟರ್ ಹತ್ತಿರವಾ? ಜೀಪು ಯಾರದ್ದು? ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ ಫೋನಿನಲ್ಲಿರುವ ನಂಬರ್ ಕೈಗೆ ಸಿಗುವುದಿಲ್ಲ. ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ಜೊತೆಗೆ 108 ಇರಲಿ. ಪೇಟೆಯಲ್ಲಿ ನಿಮ್ಮ ಮನೆಯಿದ್ದರೆ ಕೊನೆಯ ವಾರಗಳಿಗೆ ಒಂದು ಕೋಣೆ ಬಿಟ್ಟುಕೊಡಿ. ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

2. ಬೆಳಗಾಗಲಿ ಅನ್ನಬೇಡಿ

ಜೋರು ತಲೆನೋವು, ಕಣ್ಣು ಮಂಜು, ಮುಖ-ಕೈ ಊತ, ರಕ್ತ ಅಥವಾ ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆ ಆಗುವುದು, ಫಿಟ್ಸ್. ಯಾವುದೇ ಒಂದು ಕಂಡರೂ ಆಗಲೇ ಹೊರಡಿ.

3. ಕೂಸು ಐಸಿಯುನಲ್ಲಿದ್ದರೆ

ಎಷ್ಟೋ ಸಲ ಕೂಸು ಒಂದು ಊರಿನಲ್ಲಿ, ತಾಯಿ ಇನ್ನೊಂದು ಊರಿನಲ್ಲಿ. ಅಪ್ಪ ಕೂಸಿನ ಹಿಂದೆ ಹೋಗುತ್ತಾನೆ. ನೀವು ತಾಯಿಯ ಜೊತೆ ಕೂರಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗೆ ಕಾಯಿಲೆ ಬಿದ್ದ ಮಗುವಿನ ಚಿಕಿತ್ಸೆ ಉಚಿತ. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಪ್ಪನ ಕೈಗೆ ಕೊಡಿ.

ತಾಯಿಯ ಹಾಲು ಕೂಸಿಗೆ ಔಷಧಿಯೇ ಸರಿ. ಕೂಸು ಚೀಪಲಾಗದಿದ್ದರೂ ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ಹಿಂಡಿ ತೆಗೆಯಬೇಕು. ಮೊದಮೊದಲು ಕೆಲವೇ ಹನಿ ಬರುತ್ತದೆ. "ಇಷ್ಟೇನಾ?" ಅನ್ನಬೇಡಿ. ಬಟ್ಟಲು ತೊಳೆದು ಕುದಿಸಿಕೊಡಿ, ಬಿಸಿ ಗಂಜಿ ತಂದುಕೊಡಿ. ಡಾಕ್ಟರ್ ಒಪ್ಪಿದ ದಿನದಿಂದ ಕೂಸನ್ನು ಬರಿ ಎದೆಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆ ಶುರು. ತಾಯಿ ದಣಿದರೆ ಅಪ್ಪನೂ, ಅಜ್ಜಿಯೂ ಮಾಡಬಹುದು.

ಗುಂಪು ಕಟ್ಟಿಕೊಂಡು ನೋಡಲು ಹೋಗಬೇಡಿ. ಒಬ್ಬರೇ ಡಾಕ್ಟರನ್ನು ಕೇಳಿ ವಾಟ್ಸಾಪ್‌ನಲ್ಲಿ ಎಲ್ಲರಿಗೂ ತಿಳಿಸಲಿ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಅದಕ್ಕೆ ಗಾಬರಿ ಹುಟ್ಟಿಸಬೇಡಿ. "ಸ್ಕೂಟರಿನಲ್ಲಿ ಓಡಾಡಿದ್ದಕ್ಕೇ ಹೀಗಾಯ್ತು" ಎಂಬ ಮಾತಂತೂ ಬಾಯಿಗೆ ಬರಲೇಬಾರದು. ಅವಳು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಅದರ ಬದಲು ದೊಡ್ಡ ಮಗುವನ್ನು ಶಾಲೆಗೆ ಬಿಟ್ಟು ಬನ್ನಿ, ಹಸುವಿನ ಹಾಲು ಕರೆಯಿರಿ. ಕಾಫಿ ಕುಯ್ಲಿನ ಹೊತ್ತಿನಲ್ಲಿ ತೋಟದ ಕೂಲಿಕಾರರ ಲೈನ್ ಮನೆಯವರ ಕೂಲಿ ನಿಂತರೆ, ಬಸ್ ಚಾರ್ಜಿಗೆ ಒಂದಿಷ್ಟು ದುಡ್ಡು ಕೈಗಿಡಿ.

4. ಮನೆಗೆ ಬಂದ ಮೇಲೆ

ಕೋಣೆ ಬೆಚ್ಚಗಿರಲಿ. ಆದರೆ ಬಾಗಿಲು ಮುಚ್ಚಿ ಕೆಂಡ ಇಡಬೇಡಿ, ಅದರ ವಿಷಗಾಳಿ ಜೀವಕ್ಕೇ ಅಪಾಯ. ಸುಮಾರು ಎಂಟು ತಿಂಗಳೂ ತುಂಬದೆ, ಅಂದರೆ 34 ವಾರಕ್ಕೆ ಮೊದಲು ಹುಟ್ಟಿದ, ಇಲ್ಲವೇ 2 ಕೆ.ಜಿ.ಗಿಂತ ಕಡಿಮೆ ಇದ್ದ ಕೂಸಿನ ಕಣ್ಣಿನ ನರಪೊರೆಯನ್ನು (ರೆಟಿನಾ) ಹುಟ್ಟಿದ 30 ದಿನದೊಳಗೆ ತಪ್ಪದೆ ಪರೀಕ್ಷೆ ಮಾಡಿಸಬೇಕು. ತುಂಬಾ ಚಿಕ್ಕ ಕೂಸಿಗೆ ಇನ್ನೂ ಬೇಗ. ಎರಡು ತಿಂಗಳು ಮುಂಚೆ ಬಂದ ಕೂಸು ಆರನೇ ತಿಂಗಳಲ್ಲಿ ನಾಲ್ಕು ತಿಂಗಳ ಕೂಸಿನಂತೆಯೇ ಇರುತ್ತದೆ. ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ.

ಬಾಣಂತಿಯನ್ನೂ ನೋಡಿ. ಹೆರಿಗೆಯಾದ ಮೇಲೂ ಆರು ವಾರದವರೆಗೆ ಬಿಪಿ ಏರಬಹುದು, ತಲೆನೋವು ಅಂದರೆ ಸುಮ್ನೆ ಬಿಡಬೇಡಿ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ, ಆಶಾ ಕಾರ್ಯಕರ್ತೆಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.